ಕರ್ಣಾಟಕದಲ್ಲಿ ಸಾಕುಪ್ರಾಣಿಗಳ ಪ್ರತಿಕೃತಿಗಳು

1. ವಿಷಯೋಪಕ್ರಮ

ತಾನು ಸಾಕಿ ಸಲಹಿದ ನಾಯಿ, ಬೆಕ್ಕು, ಕುದುರೆ ಮುಂತಾದವುಗಳ ರೂಪವನ್ನು ಚಿತ್ರಗಾರನಿಂದ ಬರೆಯಿಸಿ ಮನೆಯಲ್ಲಿಟ್ಟುಕೊಳ್ಳುವ ಪದ್ಧತಿಯು ಈಚೆಗೆ ನಮ್ಮ ನಗರಗಳಲ್ಲಿ ಬಳಕೆಗೆ ಬಂದಿದೆ. ಪ್ರಾಣಿಯ ಛಾಯಾಚಿತ್ರವೊಂದನ್ನು ಕಳುಹಿಸಿಕೊಟ್ಟರೆ ಚಿತ್ರಗಾರನು ಅದರ ಮುಖವನ್ನು ಇದ್ದಂತೆ ತೆಗೆದು, ಮೈಗೆ ಸೇನಾಪತಿಯ ಅಂಗಿಯನ್ನೋ ತಲೆಗೆ ಅರಸನ ಕಿರೀಟವನ್ನೋ ತೊಡಿಸಿ, ನೋಡಿದವರಿಗೆ ನಗೆ ಬರುವಂತೆ ವಿನೋದಚಿತ್ರವನ್ನು ಬರೆದುಕೊಡುತ್ತಾನೆ. ಇದು ಪಾಶ್ಚಾತ್ಯರಿಂದ ಬಂದ ಹವ್ಯಾಸವೆಂದೂ ನಮ್ಮ ಪೂರ್ವಿಕರಿಗೆ ಇಂತಹ ಪ್ರವೃತ್ತಿಯೇ ಇರಲಿಲ್ಲವೆಂದೂ ಹಲವರು ತಿಳಿದಿದ್ದಾರೆ. ಈ ತಿಳಿವಳಿಕೆಗೆ ಆಧಾರವಿಲ್ಲದೆ ಇಲ್ಲ. ಇಂಗ್ಲೆಂಡಿನಲ್ಲಿ ಲ್ಯಾಂಡ್‌ಸಿಯರನು ವಿಕ್ಟೋರಿಯಾ ರಾಣಿಯ ನಾಯಿಗಳನ್ನು ಚಿತ್ರಿಸಿ ಪ್ರಸಿದ್ಧನಾದನು. ಅಮೆರಿಕದಲ್ಲಿ ಕೂಲಿಡ್ಜನು 1903ರಲ್ಲಿ ನಾಯಿಗಳನ್ನು ಮೇಜಿನ ಸುತ್ತ ಕುಳ್ಳಿರಿಸಿ ಇಸ್ಪೀಟು ಆಡಿಸಿದ ಚಿತ್ರವು ಲೋಕವನ್ನೆಲ್ಲ ಸುತ್ತಿತು.

ಪೂರ್ವಪಕ್ಷಿಯ ವಾದವು ಇಷ್ಟಕ್ಕೆ ನಿಲ್ಲುವುದಿಲ್ಲ. ನಮ್ಮ ಶಿಲ್ಪದಲ್ಲಿ ಪ್ರಾಣಿಗಳಿಗೇನು ಕೊರತೆಯಿಲ್ಲ. ಆದರೆ ನಂದಿಯು ಶಿವನ ವಾಹನ, ಗರುಡನು ವಿಷ್ಣುವಿನ ವಾಹನ, ವರಾಹವು ಚಾಲುಕ್ಯರ ಲಾಂಛನ. ಹಳೆಯಬೀಡಿನ ಜಗತಿಯ ಮೇಲೆ ಸಾಲುಗಟ್ಟಿ ನಡೆಯುವ ಆನೆಗಳು ಎಷ್ಟೇ ಸುಂದರವಾಗಿದ್ದರೂ ಅವುಗಳಲ್ಲಿ ಯಾವುದೊಂದಕ್ಕೂ ಹೆಸರಿಲ್ಲ. ಅವು ಆನೆಗಳೇ ಹೊರತು ಇಂಥವನು ಸಾಕಿದ ಇಂಥ ಆನೆಯಲ್ಲ. ಇನ್ನು ನಾಯಿಯಂತೂ ಧರ್ಮಶಾಸ್ತ್ರಗಳ ಮತದಲ್ಲಿ ಅಶುಚಿಯಾದ ಪ್ರಾಣಿ. ಅದರ ಪ್ರತಿಕೃತಿಯನ್ನು ಮಾಡಿಸಿದವರಾದರೂ ಯಾರು? ಹೀಗೆಂದು ಪೂರ್ವಪಕ್ಷ.

ಈ ವಾದದಲ್ಲಿ ಒಂದು ವಿವೇಕವು ಅಡಗಿದೆ. ಅದನ್ನು ಮೊದಲು ಒಪ್ಪಿಕೊಳ್ಳತಕ್ಕದ್ದು. ಪದದ ಅರ್ಥವೇನೆಂದು ವಿಚಾರಿಸುವಾಗ ಗೌತಮನ ನ್ಯಾಯಸೂತ್ರವು ವ್ಯಕ್ತಿ, ಆಕೃತಿ, ಜಾತಿ ಎಂಬ ಮೂರನ್ನೂ ಹೇಳುತ್ತದೆ. ಪ್ರಾಣಿಯ ಚಿತ್ರಕ್ಕೂ ಇದೇ ವಿಭಾಗವು ಹೊಂದುತ್ತದೆ. ಹಳೆಯಬೀಡಿನ ಆನೆಯು ಜಾತಿಯನ್ನು ತೋರಿಸುತ್ತದೆ. ಸಾಕುಪ್ರಾಣಿಯ ಪ್ರತಿಕೃತಿಯು ವ್ಯಕ್ತಿಯನ್ನು ತೋರಿಸಬೇಕು. ಹಾಗಾದರೆ ಒಂದು ಪ್ರಾಣಿಯನ್ನು ವ್ಯಕ್ತಿಯೆಂದು ಭಾವಿಸಿ, ಅದಕ್ಕಾಗಿ ಶಿಲ್ಪಿಯನ್ನೋ ಚಿತ್ರಗಾರನನ್ನೋ ನಿಯೋಗಿಸಿದ ದೃಷ್ಟಾಂತವು ಕನ್ನಡನಾಡಿನಲ್ಲಿ ಉಂಟೇ ಎಂಬುದು ಪ್ರಶ್ನೆ. ಉಂಟು, ಅದೂ ಸಾವಿರ ವರ್ಷಗಳಿಗೂ ಹಿಂದಿನದು.

2. ಆತಕೂರಿನ ಕಾಳಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನ ಶಾಸನವು ಇತಿಹಾಸಜ್ಞರೆಲ್ಲರಿಗೂ ಪರಿಚಿತವಾದದ್ದು. ರೈಸ್, ಫ್ಲೀಟ್ ಮುಂತಾದ ವಿದ್ವಾಂಸರು ಅದನ್ನು ಪ್ರಕಟಿಸಿ ವಿಚಾರಿಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲವು ಶಕ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ. ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದುದು, ಆ ಯುದ್ಧದಲ್ಲಿ ಗಂಗರ ಬೂತುಗನು ರಾಜಾದಿತ್ಯನನ್ನು ಕೊಂದುದು, ಅದಕ್ಕೆ ಮೆಚ್ಚಿ ಕೃಷ್ಣನು ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಕೊಟ್ಟುದು, ಇವೆಲ್ಲವೂ ಈ ಕಲ್ಲಿನಿಂದ ತಿಳಿದುಬರುತ್ತವೆ. ಆದುದರಿಂದಲೇ ದಕ್ಷಿಣದೇಶದ ಚರಿತ್ರೆಯನ್ನು ಬರೆದವರು ಯಾರೂ ಇದನ್ನು ಬಿಟ್ಟುಹೋಗಿಲ್ಲ.

ಆದರೆ ಆ ಕಲ್ಲನ್ನು ನಿಲ್ಲಿಸಿದುದು ತಕ್ಕೋಲದ ಯುದ್ಧಕ್ಕಾಗಿ ಅಲ್ಲ. ಅದು ಒಂದು ನಾಯಿಯ ಕಲ್ಲು.

ಶಾಸನವು ಹೇಳುವ ಸಂಗತಿ ಹೀಗಿದೆ. ಬೂತುಗನ ಆಳುಗಳಲ್ಲಿ ಸಗರವಂಶದ ಮಣಲೆರನೆಂಬ ವೀರನಿದ್ದನು. ಚೋಳರೊಡನೆ ನಡೆದ ಕಾಳಗದಲ್ಲಿ ಆತನು ಒಡೆಯನ ಕಣ್ಣೆದುರಿಗೆ ಕಾದಿ ಮೆಚ್ಚನ್ನು ಪಡೆದನು. ಬೇಕಾದುದನ್ನು ಬೇಡಿಕೊಳ್ಳೆಂದು ಒಡೆಯನು ಹೇಳಲು, ಮಣಲೆರನು ಬೂತುಗನ ಬಳಿಯಲ್ಲಿದ್ದ ಕಾಳಿ ಎಂಬ ನಾಯಿಯನ್ನು ದಯಪಾಲಿಸಬೇಕೆಂದು ಬೇಡಿ ಪಡೆದನು. ಮುಂದೆ ಕೆಲಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲಾಗಿ, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಒಡನೆ ಸತ್ತವು. ಅದರ ಸಲುವಾಗಿ ಆತಕೂರಿನಲ್ಲಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರು. ಕಲ್ಲಿನ ತಲೆಯಲ್ಲಿ ನಾಯಿಹಂದಿಗಳ ಕಾಳಗವನ್ನು ಕೆತ್ತಿದೆ.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದು ವರದ ಸ್ವರೂಪ. ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನು ಬಾಳ್ಗಳ್ಚಾಗಿ, ಎಂದರೆ ಕತ್ತಿಯನ್ನು ತೊಳೆದು ಕೊಡುವ ವೀರಮರ್ಯಾದೆಯ ದತ್ತಿಯಾಗಿ, ಕೊಟ್ಟ ವಿಷಯವೂ ಇದೇ ಕಲ್ಲಿನಲ್ಲಿದೆ. ಭೂಮಿಯನ್ನು ಕೊಡಬಲ್ಲ ಒಡೆಯನ ಮುಂದೆ ನಿಂತು ನಾಯಿಯನ್ನು ಬೇಡಿದನೆಂದರೆ, ಆ ನಾಯಿಯು ಅವನ ಕಣ್ಣಿಗೆ ಬರಿಯ ಬೇಟೆಯ ಉಪಕರಣವಾಗಿರಲಿಲ್ಲವೆಂದು ಹೇಳಬೇಕು. ಎರಡನೆಯದು ಹೆಸರು. ಕಾಳಿ ಎಂಬುದು ಮೈಬಣ್ಣದಿಂದ ಬಂದ ಹೆಸರಾಗಿರಬಹುದು. ಇಂದಿಗೂ ಹಳ್ಳಿಗಳಲ್ಲಿ ಕರಿಯ ನಾಯಿಗೆ ಕಾಳನೆಂಬ ಹೆಸರು ಸಾಮಾನ್ಯ. ಚಕ್ರವರ್ತಿಯ ಬಿರುದುಗಳನ್ನು ಕಂಡರಿಸಿದ ಉಳಿಯೇ ಮನೆಯಂಗಳದಲ್ಲಿ ಕೂಗಿ ಕರೆಯುವ ಈ ಹೆಸರನ್ನೂ ಕಂಡರಿಸಿತು. ಮೂರನೆಯದು ಸಮಬುದ್ಧಿ. ಊರಿಗಾಗಿ, ತುರುವಿಗಾಗಿ, ಒಡೆಯನಿಗಾಗಿ ಮಡಿದ ಮನುಷ್ಯನಿಗೆ ವೀರಗಲ್ಲನ್ನು ನಿಲ್ಲಿಸಿ ಮಾನ್ಯವನ್ನು ಬಿಡುವುದು ನಾಡಿನ ಪದ್ಧತಿ. ಆ ಪದ್ಧತಿಯ ಕಲ್ಲು, ಶಿಲ್ಪ, ಭೂಮಿ, ಶಾಪ ಎಲ್ಲವೂ ಇಲ್ಲಿ ಕಾಳಿಗೆ ಸಂದಿವೆ.

ಇದನ್ನು ನೆರೆನಾಡಿನ ಒಂದು ಕಲ್ಲಿನೊಡನೆ ಹೋಲಿಸಿದರೆ ವಿಶೇಷವು ಸ್ಪಷ್ಟವಾಗುತ್ತದೆ. ತಮಿಳುನಾಡಿನ ತಿರುವಣ್ಣಾಮಲೆ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲೊಂದಿದೆ. ಕೋವಿವನ್ ಎಂಬ ನಾಯಿಯು ಕಳ್ಳರನ್ನು ಕಚ್ಚಿ ಕಾದಿದ ವಿಷಯವನ್ನು ಅದು ಹೇಳುತ್ತದೆ. ಇದು 7ನೆಯ ಶತಮಾನದ್ದಾದುದರಿಂದ ಆತಕೂರಿಗಿಂತಲೂ ಪ್ರಾಚೀನ. ಆದರೆ ಅಲ್ಲಿ ನಾಯಿಯು ಒಡೆಯನ ಕಲ್ಲಿನಲ್ಲಿ ಒಡೆಯನ ಪಕ್ಕದಲ್ಲಿದೆ. ಆತಕೂರಿನಲ್ಲಿ ಒಡೆಯನೇ ನಿಂತು ನಾಯಿಗಾಗಿ ಕಲ್ಲನ್ನು ನಡಿಸಿದ್ದಾನೆ. ಅರಸರ ಚರಿತ್ರೆಯು ಆ ನಾಯಿಯ ಕಥೆಗೆ ಪೀಠಿಕೆಯಾಗಿದೆ.

3. ಅಶುಚಿತ್ವದ ಶಂಕೆ

ಇನ್ನು ಧರ್ಮಶಾಸ್ತ್ರದ ಶಂಕೆ. ನಾಯಿಯ ಸ್ಪರ್ಶದಿಂದ ಸ್ನಾನ, ನಾಯಿ ನೋಡಿದ ಅನ್ನದ ತ್ಯಾಗ ಮುಂತಾದ ವಿಧಿಗಳನ್ನು ಓದಿದವರಿಗೆ ಆತಕೂರಿನ ಶಾಸನದ ಕೊನೆಯು ಆಶ್ಚರ್ಯವನ್ನುಂಟುಮಾಡುತ್ತದೆ. ಆ ಸ್ಥಾನವನ್ನು ಆಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪವು ಅವನಿಗೆ ಸಲ್ಲುವುದೆಂದು ಅಲ್ಲಿ ವಿಧಿಸಿದೆ. ದಾನಶಾಸನಗಳಲ್ಲಿ ವಾರಣಾಸಿಯಲ್ಲಿ ಕವಿಲೆಯನ್ನೂ ಬ್ರಾಹ್ಮಣರನ್ನೂ ಕೊಂದ ಪಾಪದ ಶಾಪವು ಬರುವುದು ವಾಡಿಕೆ. ಇಲ್ಲಿ ಆ ಜಾಗದಲ್ಲಿ ನಾಯಿ ಬಂದಿದೆ. ನಾಯಿ ನೋಡಿದರೆ ಅನ್ನವು ಕೆಡುವುದೆಂದು ಒಂದು ಶಾಸ್ತ್ರ. ನಾಯಿಯನ್ನು ನೋಡಿ ಪೂಜಿಸದ ಹೊರತು ಅನ್ನವು ಸಲ್ಲದೆಂದು ಈ ಶಾಸನ. ಈ ವಿರೋಧಕ್ಕೆ ಪರಿಹಾರವೇನು?

ಪರಿಹಾರವು ಮಹಾಭಾರತದಲ್ಲಿಯೇ ದೊರೆಯುತ್ತದೆ. ಮಹಾಪ್ರಸ್ಥಾನಿಕ ಪರ್ವದಲ್ಲಿ ಇಂದ್ರನು ಧರ್ಮರಾಜನಿಗೆ ರಥವನ್ನು ತಂದು, ನಾಯಿಯಿದ್ದವರಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದು ಶುಚಿಯ ನ್ಯಾಯವನ್ನೇ ಹೇಳುತ್ತಾನೆ. ಧರ್ಮರಾಜನು ಆ ನ್ಯಾಯವನ್ನು ಅಲ್ಲಗಳೆಯುವುದಿಲ್ಲ. ನಂಬಿ ಬಂದವರನ್ನು ಬಿಡುವುದು ಬ್ರಹ್ಮಹತ್ಯೆಗೆ ಸಮಾನವಾದ ಪಾಪವೆಂದು ಮತ್ತೊಂದು ನ್ಯಾಯವನ್ನು ಮುಂದಿಡುತ್ತಾನೆ. ಶೌಚವೂ ಧರ್ಮವೇ, ಆಶ್ರಿತರಕ್ಷಣೆಯೂ ಧರ್ಮವೇ. ಎರಡೂ ಎದುರಾದಲ್ಲಿ ಎರಡನೆಯದೇ ಬಲವತ್ತರವೆಂದು ಆ ಪರ್ವದ ತಾತ್ಪರ್ಯ. ಆತಕೂರಿನ ಶಾಪವು ಇದೇ ತಾತ್ಪರ್ಯವನ್ನು ಆಚರಣೆಗೆ ತಂದಿದೆ. ಇಷ್ಟೇ ಅಲ್ಲ, ಒಂದು ಹೆಜ್ಜೆ ಮುಂದೆಯೂ ಹೋಗಿದೆ. ಭಾರತದ ನಾಯಿಯು ಕಡೆಗೆ ಯಮಧರ್ಮನ ರೂಪವೆಂದು ತಿಳಿದುಬರುತ್ತದೆ. ಕಾಳಿಯು ಕಡೆಯವರೆಗೂ ನಾಯಿಯೇ ಆಗಿತ್ತು. ಅದು ದೇವತೆಯಾದುದರಿಂದ ಪೂಜ್ಯವಾದುದಲ್ಲ. ಋಣವನ್ನು ತೀರಿಸಿದ ನಾಯಿಯಾದುದರಿಂದ ಪೂಜ್ಯವಾಯಿತು.

4. ಸಾದೃಶ್ಯ ಮತ್ತು ವಿನೋದ

ಪೂರ್ವಪಕ್ಷಿಯು ಮತ್ತೊಂದು ಆಕ್ಷೇಪವನ್ನು ತರಬಹುದು. ಆತಕೂರಿನ ಶಿಲ್ಪದಲ್ಲಿರುವುದು ನಾಯಿಯ ಸಾಮಾನ್ಯ ಆಕೃತಿ. ಅದು ಕಾಳಿಯ ಮುಖವೇ ಎಂದು ಹೇಳುವುದು ಹೇಗೆ? ಸಾದೃಶ್ಯವಿಲ್ಲದುದನ್ನು ಪ್ರತಿಕೃತಿಯೆನ್ನಬಹುದೇ? ಅಲ್ಲದೆ ಅಲ್ಲಿರುವುದು ಶೋಕ ಮತ್ತು ವೀರ, ವಿನೋದವೆಲ್ಲಿ?

ಇದಕ್ಕೆ ಉತ್ತರವನ್ನು ಕನ್ನಡನಾಡಿನ ದೊರೆಯೇ ಬರೆದ ಸಂಸ್ಕೃತ ಗ್ರಂಥದಿಂದ ಪಡೆಯಬಹುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (ಆಳ್ವಿಕೆ 1126-1138) ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳ, ನೂರು ಅಧ್ಯಾಯಗಳ ಗ್ರಂಥ. ಅದರಲ್ಲಿ ಚಿತ್ರಲೇಖನದ ವಿಚಾರವೂ ಉಂಟು, ಸಾಕುಪ್ರಾಣಿಗಳ ವಿಚಾರವೂ ಉಂಟು. ಚಿತ್ರವನ್ನು ವಿಭಾಗಿಸುವಲ್ಲಿ ಸೋಮೇಶ್ವರನು ವಿದ್ಧ, ಅವಿದ್ಧ ಎಂಬ ಭೇದಗಳನ್ನೂ ಹೇಳುತ್ತಾನೆ. ಕನ್ನಡಿಯಲ್ಲಿ ಬಿಂಬವು ಕಾಣುವಂತೆ ಮೂಲವನ್ನು ಹೋಲುವ ಚಿತ್ರವು ವಿದ್ಧ. ಮನಸ್ಸಿಗೆ ತೋರಿದಂತೆ ಬರೆದು, ಆಕಾರಮಾತ್ರದಿಂದ ವಸ್ತುವನ್ನು ತಿಳಿಸುವ ಚಿತ್ರವು ಅವಿದ್ಧ. ಎರಡೂ ಶಾಸ್ತ್ರಸಮ್ಮತವೇ. ಹಾಗಾದುದರಿಂದ ಆತಕೂರಿನ ಶಿಲ್ಪವು ಅವಿದ್ಧಜಾತಿಯದಾದರೂ ಪ್ರತಿಕೃತಿಯೆನಿಸಿಕೊಳ್ಳಲು ಬಾಧಕವಿಲ್ಲ. ಆಕಾರವು ಕೊಡಲಾರದ ವ್ಯಕ್ತಿತ್ವವನ್ನು ಕೆಳಗಿನ ಅಕ್ಷರಗಳು ಕೊಟ್ಟಿವೆ. ಈಗಿನ ವಿನೋದಚಿತ್ರವನ್ನು ಇದೇ ಪರಿಭಾಷೆಯಿಂದ ವರ್ಣಿಸುವುದಾದರೆ, ಮುಖವು ವಿದ್ಧ, ಕಿರೀಟವೂ ಅಂಗಿಯೂ ಅವಿದ್ಧ. ಎರಡನ್ನೂ ಒಂದೇ ಹಲಗೆಯ ಮೇಲೆ ಕೂಡಿಸಿದುದರಿಂದ ಹಾಸ್ಯವು ಹುಟ್ಟುತ್ತದೆ.

ಅದೇ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ಕುಕ್ಕುಟವಿನೋದ, ಲಾವಕವಿನೋದ, ಮೇಷವಿನೋದ, ಪಾರಾವತವಿನೋದ, ಸಾರಮೇಯವಿನೋದ ಎಂದು ಕೋಳಿ, ಲಾವುಗೆ, ಟಗರು, ಪಾರಿವಾಳ, ನಾಯಿಗಳಿಗೆ ಬೇರೆಬೇರೆ ಪ್ರಕರಣಗಳುಂಟು. ಋಗ್ವೇದದ ಸರಮೆಯ ಸಂತತಿಯೆಂಬ ಅರ್ಥದ ಸಾರಮೇಯಶಬ್ದವನ್ನು ವಿನೋದಶಬ್ದದೊಡನೆ ಸಮಾಸಮಾಡಿದ ರಾಜನಿಗೆ ನಾಯಿಯು ಕೇವಲ ಅಶುಚಿಪದಾರ್ಥವಾಗಿರಲಿಲ್ಲ. ಪ್ರಾಣಿಯ ಸಹವಾಸದಲ್ಲಿ ಮನಸ್ಸು ಉಲ್ಲಾಸಗೊಳ್ಳುವುದೆಂಬ ಮಾತಿಗೆ ಗ್ರಂಥದ ಹೆಸರೇ ಸಾಕ್ಷಿ.

5. ಬಿಜಾಪುರದ ಆತಶ್ ಖಾನ್

ವಿದ್ಧಚಿತ್ರವೂ ವಿನೋದವೂ ಒಂದಾಗಿ ಬಂದ ನಿದರ್ಶನವು ಬೇಕಾದರೆ ಬಿಜಾಪುರಕ್ಕೆ ಬರಬೇಕು. ಅಲ್ಲಿನ ಎರಡನೆಯ ಇಬ್ರಾಹಿಂ ಆದಿಲ್‌ಶಹನು (ಆಳ್ವಿಕೆ 1580-1627) ಸಂಗೀತದಲ್ಲಿಯೂ ಚಿತ್ರಕಲೆಯಲ್ಲಿಯೂ ಅಭಿರುಚಿಯುಳ್ಳವನು. ಆತನು ದಖನಿ ಭಾಷೆಯಲ್ಲಿ ರಚಿಸಿದ ಕಿತಾಬೆ ನೌರಸ್ ಎಂಬ ಗೇಯಪ್ರಬಂಧದಲ್ಲಿ ಸರಸ್ವತೀ ಗಣಪತಿಗಳ ಸ್ತುತಿಯಿದೆ. ಅದೇ ಗ್ರಂಥದಲ್ಲಿ ತನ್ನ ಪ್ರೀತಿಯ ಆನೆಯಾದ ಆತಶ್ ಖಾನನನ್ನೂ ತನ್ನ ತಂಬೂರಿಯಾದ ಮೋತಿ ಖಾನನನ್ನೂ ಹೆಸರೆತ್ತಿ ಹಾಡಿದ್ದಾನೆ. ಆತಶ್ ಎಂದರೆ ಬೆಂಕಿ. ಖಾನ ಎಂಬುದು ಆಸ್ಥಾನದ ಸರದಾರರಿಗೆ ಸಲ್ಲುವ ಬಿರುದು. ಆನೆಗೂ ವಾದ್ಯಕ್ಕೂ ಆ ಬಿರುದನ್ನಿತ್ತು ಅಮೀರರ ಸಾಲಿನಲ್ಲಿ ನಿಲ್ಲಿಸಿದ ಈ ನಾಮಕರಣವೇ ಒಂದು ವಿನೋದಚಿತ್ರ. ಇಂದಿನವರು ನಾಯಿಗೆ ಸೇನಾಪತಿಯ ಅಂಗಿಯನ್ನು ಬಣ್ಣದಿಂದ ತೊಡಿಸುತ್ತಾರೆ. ಇಬ್ರಾಹಿಮನು ಆನೆಗೆ ಸರದಾರಿಕೆಯನ್ನು ಮಾತಿನಿಂದ ತೊಡಿಸಿದನು.

ಆ ಆನೆಯ ಚಿತ್ರವೂ ಉಳಿದಿದೆ. ಪಾರಸಿಕ ಚಿತ್ರಕಾರ ಫರ್ರುಖ್ ಬೇಗನು ಮೊಗಲರ ಆಸ್ಥಾನದಿಂದ ಬಂದು ಬಿಜಾಪುರದಲ್ಲಿದ್ದ ಕಾಲದಲ್ಲಿ, ಸುಮಾರು 1600ರಲ್ಲಿ, ಇಬ್ರಾಹಿಮನು ಆತಶ್ ಖಾನನನ್ನೇರಿ ಸವಾರಿಮಾಡುವ ಚಿತ್ರವನ್ನು ಬರೆದನು. ಅರಸರು ಆನೆಯನ್ನೇರಿದ ಚಿತ್ರಗಳು ಎಷ್ಟೋ ಇವೆ. ಅವುಗಳಲ್ಲಿ ಆನೆಯು ಬಹುಮಟ್ಟಿಗೆ ಅರಸನ ಆಸನವೇ ಸರಿ. ಇಲ್ಲಿ ಹಾಗಲ್ಲ. ಅರಸನಿಗೆ ಹೆಸರಿರುವಂತೆ ಆನೆಗೂ ಹೆಸರುಂಟು. ಆ ಹೆಸರನ್ನು ಅರಸನೇ ಹಾಡಿದ್ದಾನೆ. ಆದುದರಿಂದ ಈ ಚಿತ್ರದಲ್ಲಿರುವ ವ್ಯಕ್ತಿಗಳು ಇಬ್ಬರು.

ಇದೇ ಆಸ್ಥಾನದ ಮತ್ತೊಂದು ಆನೆಯ ಕಥೆಯನ್ನು ಇಲ್ಲಿ ಸ್ಮರಿಸುವುದು ಉಚಿತ. ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದ ಅಸದ್ ಬೇಗನು 1604ರಲ್ಲಿ ಹಿಂದಿರುಗುವಾಗ ಕಾಣಿಕೆಗಳೊಡನೆ ಚಂಚಲವೆಂಬ ಹೆಸರಾಂತ ಆನೆಯನ್ನೂ ಒಯ್ದನು. ಬೂತುಗನು ಮೆಚ್ಚಿ ಕಾಳಿಯನ್ನು ಕೊಟ್ಟನು. ಇಬ್ರಾಹಿಮನು ಬಲಿಷ್ಠನಾದ ಚಕ್ರವರ್ತಿಗೆ ಚಂಚಲವನ್ನು ಒಪ್ಪಿಸಬೇಕಾಯಿತು. ಸಾಕಿದ ಪ್ರಾಣಿಯನ್ನು ಕೊಡುವುದು ಒಂದು ಕಡೆ ಪ್ರಸಾದ, ಮತ್ತೊಂದು ಕಡೆ ಕಪ್ಪ. ಎರಡು ಕಡೆಯೂ ಆ ಪ್ರಾಣಿಯನ್ನು ಹೆಸರಿನಿಂದಲೇ ಹೇಳಿದೆಯೆಂಬುದು ಲಕ್ಷ್ಯಕ್ಕೆ ಬರತಕ್ಕ ವಿಷಯ.

6. ಸೂರಗೊಂಡನಕೊಪ್ಪದ ಐತಿಹ್ಯ

ಇದುವರೆಗೆ ಹೇಳಿದುದು ಅರಸರ ಮತ್ತು ವೀರರ ಮಾತು. ಕಲ್ಲನ್ನು ನಿಲ್ಲಿಸುವ, ಚಿತ್ರಕಾರನನ್ನು ಪೋಷಿಸುವ ಅನುಕೂಲವಿಲ್ಲದ ಜನರು ತಮ್ಮ ಪ್ರಾಣಿಗಳನ್ನು ಹೇಗೆ ಉಳಿಸಿಕೊಂಡರು? ಇದಕ್ಕೆ ಉತ್ತರವು ತುಂಗಭದ್ರೆಯ ಸೀಮೆಯಲ್ಲಿ ದೊರೆಯುತ್ತದೆ. ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿರುವ ಸೂರಗೊಂಡನಕೊಪ್ಪವು ಲಂಬಾಣಿಗಳ ಪವಿತ್ರಕ್ಷೇತ್ರ. ಸಂತ ಸೇವಾಲಾಲರು 1739ರಲ್ಲಿ ಅವತರಿಸಿದುದು ಅಲ್ಲಿಯೇ ಎಂಬ ನಂಬಿಕೆಯಿಂದ ಭಕ್ತರು ಪ್ರತಿವರ್ಷವೂ ಫೆಬ್ರವರಿಯಲ್ಲಿ ದೂರದೇಶಗಳಿಂದ ಬಂದು ನೆರೆಯುತ್ತಾರೆ.

ಲಂಬಾಣಿಗಳು ಪೂರ್ವದಲ್ಲಿ ಎತ್ತುಗಳ ಮೇಲೆ ಧಾನ್ಯ, ಉಪ್ಪು ಮೊದಲಾದವನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದರು. ರೈಲುದಾರಿಯೂ ಸಡಕುಗಳೂ ಬಂದ ಮೇಲೆ ಆ ವೃತ್ತಿಯು ನಿಂತುಹೋಯಿತು. ಅಂತಹ ಜೀವನದಲ್ಲಿ ಎತ್ತು ಕುದುರೆಗಳು ಮನೆಯವರಿಗೆ ಸಮಾನ. ಅವರು ಎತ್ತುಗಳ ತಲೆಗೂ ಕೋಡುಗಳಿಗೂ ಕಸೂತಿಯ ಬಟ್ಟೆಯನ್ನೂ ಕವಡೆಗಳನ್ನೂ ತೊಡಿಸಿ ಅಲಂಕರಿಸುತ್ತಿದ್ದರು. ಪ್ರಾಣಿಯ ಚಿತ್ರವನ್ನು ಬರೆಯಿಸದೆ ಪ್ರಾಣಿಯನ್ನೇ ಚಿತ್ರವನ್ನಾಗಿ ಮಾಡಿದರೆಂದು ಹೇಳಬಹುದು. ಸೇವಾಲಾಲರ ಐತಿಹ್ಯದಲ್ಲಿ ಗರಾಸ್ಯಾ ಎಂಬ ಗೂಳಿಯೂ ತೋಳಾರಾಮನೆಂಬ ಕುದುರೆಯೂ ಬರುತ್ತವೆ. ಇಂದು ಇಲ್ಲಿ ನಾಳೆ ಅಲ್ಲಿ ಬೀಡುಬಿಡುವ ಜನರು ಕಲ್ಲನ್ನು ನಟ್ಟು ಫಲವೇನು? ಕಲ್ಲು ಹಿಂದೆ ಉಳಿಯುತ್ತದೆ, ತಾಂಡವು ಮುಂದೆ ಹೋಗುತ್ತದೆ. ಆದುದರಿಂದ ಅವರು ಪ್ರಾಣಿಗಳ ಹೆಸರನ್ನು ಬಾಯಲ್ಲಿಟ್ಟುಕೊಂಡು ನಡೆದರು. ನೆಲೆನಿಂತ ಮೇಲೆ ಚಿತ್ರಪಟಗಳು ಬಂದವು. ಅಶ್ವಾರೂಢರಾದ ಸೇವಾಲಾಲರ ಪಟದಲ್ಲಿ ಪರಸ್ಥಳದವರಿಗೆ ಕಾಣುವುದು ಒಂದು ಕುದುರೆ. ಐತಿಹ್ಯವನ್ನು ಬಲ್ಲ ಭಕ್ತರಿಗೆ ಅದು ತೋಳಾರಾಮ. ಆತಕೂರಿನಲ್ಲಿ ಕಲ್ಲಿನ ಅಕ್ಷರವು ಮಾಡಿದ ಕೆಲಸವನ್ನು ಇಲ್ಲಿ ಜನರ ನಾಲಗೆಯು ಮಾಡಿದೆ.

7. ಉಪಸಂಹಾರ

ಮೇಲೆ ಹೇಳಿದುದರಿಂದ ಸಿದ್ಧವಾಗುವುದೇನೆಂದರೆ: ಸಾಕುಪ್ರಾಣಿಯ ಪ್ರತಿಕೃತಿಯನ್ನು ಮಾಡಿಸುವ ಪ್ರವೃತ್ತಿಯು ಕನ್ನಡನಾಡಿಗೆ ಹೊಸದಲ್ಲ. ಆ ಪ್ರತಿಕೃತಿಗೆ ಪ್ರಾಣವು ಸಾದೃಶ್ಯವಲ್ಲ. ಹೆಸರು, ಆ ಪ್ರಾಣಿಯ ನಡತೆ, ಸಾಕಿದವನ ಋಣ ಇವು ಮೂರು. ಇವು ಕೂಡಿದಲ್ಲಿ ಒರಟು ಶಿಲ್ಪವೂ ವ್ಯಕ್ತಿಯನ್ನು ತೋರಿಸುತ್ತದೆ. ಇವಿಲ್ಲದಲ್ಲಿ ಅತ್ಯಂತ ಸೂಕ್ಷ್ಮವಾದ ಚಿತ್ರವೂ ಜಾತಿಯನ್ನೇ ತೋರಿಸುತ್ತದೆ. 2005ರಲ್ಲಿ ಭಾರತದ ಅಂಚೆಯ ಇಲಾಖೆಯು ದೇಶೀಯ ನಾಯಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳದ ಬೇಟೆನಾಯಿಯೂ ಇತ್ತು. ಕನ್ನಡಿಗರು ಹೆಮ್ಮೆಪಡತಕ್ಕ ವಿಷಯವದು. ಆದರೂ ಅದು ಮುಧೋಳದ ನಾಯಿಯೆಂಬ ತಳಿಯ ಚಿತ್ರ, ಇಂಥ ನಾಯಿಯ ಚಿತ್ರವಲ್ಲ. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಈ ಶತಮಾನದಲ್ಲಿಯೇ ನಾಯಿಗಳ ವಿಗ್ರಹಗಳನ್ನು ಸ್ಥಾಪಿಸಿ ಗುಡಿಯನ್ನು ಕಟ್ಟಿ ಪೂಜಿಸುತ್ತಿರುವುದನ್ನು ಕಂಡು ನಗುವವರುಂಟು. ಆತಕೂರಿನ ಗೊರವನು ಊಟಕ್ಕೆ ಮೊದಲು ಯಾವ ಕಲ್ಲನ್ನು ಪೂಜಿಸಬೇಕಾಗಿತ್ತೆಂಬುದನ್ನು ಬಲ್ಲವರು ಹಾಗೆ ನಗಲಾರರು.

ಈಗಿನ ಚಿತ್ರಗಾರರಿಗೆ ಕಾಳಿಯ ಶಿಲ್ಪಿಗೆ ಇಲ್ಲದ ಸಾಧನಗಳಿವೆ. ಕಿವಿಯ ಮಡಿಕೆಯನ್ನೂ ಕಣ್ಣಿನ ಹೊಳಪನ್ನೂ ಕೂದಲು ತಪ್ಪದಂತೆ ತೆಗೆಯಬಲ್ಲರು. ಆದರೆ ಆ ಪಟದಲ್ಲಿ ಹೆಸರನ್ನಾಗಲಿ, ಪ್ರಾಣಿಯು ಏನು ಮಾಡಿತೆಂಬುದನ್ನಾಗಲಿ, ಯಾರು ಏತಕ್ಕಾಗಿ ಬರೆಯಿಸಿದರೆಂಬುದನ್ನಾಗಲಿ ಬರೆಯದೆ ಬಿಟ್ಟರೆ ಎರಡು ತಲೆಗಳು ಕಳೆಯುವುದರೊಳಗೆ ಅದು ಕಿರೀಟವಿಟ್ಟ ಯಾವುದೋ ಒಂದು ನಾಯಿಯಾಗಿ ಉಳಿಯುತ್ತದೆ. ಆತಕೂರಿನ ಕಾಳಿಯ ಮುಖವು ಹೇಗಿತ್ತೆಂದು ಇಂದು ಯಾರೂ ಅರಿಯರು. ಆದರೆ ಅದರ ಹೆಸರನ್ನೂ, ಅದನ್ನು ಬೇಡಿದವನನ್ನೂ, ಅದು ಬಿದ್ದ ಮೊರಡಿಯ ದಿಕ್ಕನ್ನೂ ಸಾವಿರದ ಎಪ್ಪತ್ತು ವರ್ಷಗಳಿಗೆ ಮೇಲ್ಪಟ್ಟು ಕಳೆದ ಮೇಲೆಯೂ ಓದಬಹುದಾಗಿದೆ. ತಕ್ಕೋಲದ ಯುದ್ಧಕ್ಕಾಗಿ ಆ ಶಾಸನವನ್ನು ಪಾಠಹೇಳುವ ಅಧ್ಯಾಪಕರು, ಚಕ್ರವರ್ತಿಯ ವಿಜಯವು ಒಂದು ನಾಯಿಯ ಕಲ್ಲಿನ ಆಸರೆಯಿಂದ ಉಳಿದು ಬಂದಿತೆಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಿದರೆ ಶಾಸನಕ್ಕೆ ಪೂರ್ಣನ್ಯಾಯವು ದೊರೆತಂತಾಗುವುದು.